ಮೂರನೆಯ ಕೂಗು

ದೀಪ ಹಸಿರಾಗಿಯೇ ಉರಿಯುತ್ತಿತ್ತಂತೆ. ಉರಿಯುತ್ತಿತ್ತು, ನಾನೇನು ಇಲ್ಲ ಅಂದೆನೇ? ನನ್ನ ಮಗಳು ಉಸಿರು ಸಿಗದೆ ಕಿಟಕಿಯ ಸರಳು ಹಿಡಿದು ಜೋತುಬಿದ್ದಿದ್ದಾಗಲೂ ಅವಳ ತಲೆಯ ಮೇಲೆ, ಗೋಡೆಗೆ ಹೊಡೆದ ಆ ಬಿಳಿ ಡಬ್ಬಿಯಲ್ಲಿ ಅದು ತಣ್ಣಗೆ ಉರಿಯುತ್ತಲೇ ಇತ್ತು. ಕಂಪನಿಯವರಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಅದೊಂದನ್ನೇ. ಮಗು ಹೇಗಿದೆ ಅಂತಲ್ಲ. "ದೀಪ ಯಾವ ಬಣ್ಣ ಇತ್ತಮ್ಮಾ?" ಹಸಿರು ಎಂದೆ. "ಹಾಗಾದ್ರೆ ರೂಟರ್ ಸರಿ ಇದೆ," ಎಂದು ಇಟ್ಟುಬಿಟ್ಟರು.

ನಮ್ಮೂರಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಪಡಸಾಲೆಯಲ್ಲಿ ಆಡಿದ್ದು ಪಡಸಾಲೆಯಲ್ಲೇ ಉಳಿಯುತ್ತದೆ. ಅಡುಗೆಮನೆಯಲ್ಲಿ ಬಿದ್ದ ತಟ್ಟೆಯ ಸದ್ದು ಅಡುಗೆಮನೆಯದೇ. ಬಾಗಿಲು ತೆರೆದಿಟ್ಟರೂ ಅಷ್ಟೆ, ಕಿಟಕಿ ತೆರೆದಿಟ್ಟರೂ ಅಷ್ಟೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಮೊದಲು ಅಳುತ್ತಾರೆ, ಆಮೇಲೆ ಅತ್ತೆಯ ಕೋಣೆ ಯಾವುದೆಂದು ನೋಡಿಕೊಂಡು ಸುಖವಾಗಿರುತ್ತಾರೆ. ಹಿಂದೆ ಕೋಣೆಯಿಂದ ಕೋಣೆಗೆ ದಾರ ಎಳೆಯುತ್ತಿದ್ದರು. ಹಳೆಯ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಬುಡಕ್ಕೆ ಬೆರಳು ತೂರುವಷ್ಟು ತೂತು ಇರುತ್ತಿತ್ತು. ತೊಟ್ಟಿಲ ಕೂಸಿನ ಕಾಲಿಗೆ ದಾರದ ಒಂದು ತುದಿ, ತಾಯಿಯ ಕಾಲಿಗೆ ಇನ್ನೊಂದು. ರೂಟರ್ ಬಂದಮೇಲೆ ಎಲ್ಲರೂ ಆ ತೂತುಗಳಿಗೆ ಸಿಮೆಂಟ್ ಮೆತ್ತಿ, ಮೇಲೆ ಬಣ್ಣ ಬಳಿದರು. ದಾರ ಇರುವ ಮನೆ ಎಂದರೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುವಂತಾಯಿತು. ಈಗ ಪಡಸಾಲೆಗೆ ತಾಯಿ ಡಬ್ಬಿ, ಕೋಣೆಗೊಂದು ಮರಿ ಡಬ್ಬಿ. ಮರಿ ತನ್ನ ಕೋಣೆಯ ಮಾತನ್ನು ತಾಯಿಗೆ ಮುಟ್ಟಿಸುತ್ತದೆ, ತಾಯಿ ಉಳಿದ ಮರಿಗಳಿಗೆ ಹಂಚುತ್ತದೆ. ನಾನು ಅಡುಗೆಮನೆಯಲ್ಲಿ "ಊಟಕ್ಕೆ ಬಾ" ಎಂದರೆ ಮಗಳು ಒಳಕೋಣೆಯಲ್ಲಿ "ಬಂದೇ" ಅನ್ನುತ್ತಾಳೆ, ಬರುವುದಿಲ್ಲ. ಎಲ್ಲರ ಮನೆಯಲ್ಲಿ ನಡೆಯುವಂಥದ್ದೇ.

ರೂಟರ್ ಕೆಡುವುದಿಲ್ಲ ಎನ್ನುವುದು ನಮ್ಮೂರಿನ ನಂಬಿಕೆ. ಗ್ರೈಂಡರ್ ಕೆಡುತ್ತದೆ, ನೀರೆತ್ತುವ ಮೋಟಾರು ಸುಟ್ಟುಹೋಗುತ್ತದೆ, ಕಟ್ಟಿಕೊಂಡ ಗಂಡನೂ ಕೆಡಬಹುದು. ರೂಟರ್ ಕೆಟ್ಟದ್ದನ್ನು ಮಾತ್ರ ಯಾರೂ ಕಂಡಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವವಳು "ಹಸ್ರು ದೀಪದಾಣೆ, ಹುಳ ಇಲ್ಲ" ಅನ್ನುತ್ತಾಳೆ. ಈ ನಂಬಿಕೆಯ ಬೆನ್ನಿಗೆ ಇನ್ನೊಂದು ಶಿಸ್ತು ಬೆಳೆಯಿತು: ಯಾರನ್ನೇ ಆಗಲಿ ಮೂರನೇ ಸಲ ಕೂಗಬಾರದು. ಮಾತು ಮುಟ್ಟಿಯೇ ಮುಟ್ಟುತ್ತದೆ ಎಂದಮೇಲೆ ಮೂರನೇ ಕೂಗಿಗೆ ಅರ್ಥವೇನು? ನೀನು ಕಿವುಡ, ಇಲ್ಲವೇ ನೀನು ಹಟಮಾರಿ ಎಂದಂತೆ. ಅದು ಬೈಗುಳಕ್ಕೆ ಸಮ. ಶಾಲೆಯಲ್ಲಿ ಇದನ್ನೇ ಪದ್ಯ ಮಾಡಿ ಕೈತಟ್ಟಿ ಹಾಡಿಸುತ್ತಾರೆ: ಒಂದು ಕೂಗು ಹೆಸರಿಗೆ, ಎರಡು ಕೂಗು ನೆನಪಿಗೆ, ಮೂರು ಕೂಗು ಜಗಳಕೆ. ನನ್ನ ಮಗಳು ಇಂಚರ ಅದನ್ನು ಅಭಿನಯದ ಸಮೇತ ಹಾಡಿ ಬಹುಮಾನವಾಗಿ ಒಂದು ಸ್ಟೀಲ್ ಲೋಟ ತಂದಿದ್ದಳು.

ಅವಳಿಗೆ ಉಬ್ಬಸ. ಎದೆ ಕಟ್ಟಿದಾಗ ಮುಖಕ್ಕೆ ಮಾಸ್ಕ್ ಹಿಡಿದು ನಾನೇ ಔಷಧಿ ಎಳೆಸಬೇಕು, ಅವಳ ಕೈಲಾಗದು. ನಾನು ಮನೆಯಲ್ಲಿ ಚಪಾತಿ ಮಾಡಿ ಮೆಸ್ಸುಗಳಿಗೆ, ಆಫೀಸುಗಳಿಗೆ ಕೊಡುವವಳು. ಅಡುಗೆಮನೆಯ ತುಂಬ ಹಿಟ್ಟಿನ ಧೂಳು, ಹಂಚಿನ ಹೊಗೆ. ಅವಳನ್ನು ಅಲ್ಲಿ ಕೂರಿಸಿಕೊಳ್ಳುವಂತಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಅದಕ್ಕೇ ಅವಳು ಒಳಕೋಣೆಯಲ್ಲಿ, ನಾನು ಒಲೆಯ ಮುಂದೆ, ನಡುವೆ ಆ ಡಬ್ಬಿ. ಇವಳಪ್ಪ ಟ್ಯಾಂಕರ್ ಓಡಿಸುತ್ತಾರೆ, ಮನೆಗೆ ಬಂದಾಗ ಬಂದರು.

ಆ ಮಧ್ಯಾಹ್ನ ನಾನು ಹಂಚಿನ ಮೇಲೆ ಚಪಾತಿ ತಿರುವುತ್ತಿದ್ದೆ. ಒಳಕೋಣೆಯಿಂದ ಸದ್ದಿಲ್ಲ. ಬಣ್ಣ ತುಂಬುತ್ತಾ ಕೂತಿದ್ದಾಳೆ, ಪುಣ್ಯಾತ್ಗಿತ್ತಿ, ಇವತ್ತಾದರೂ ತಂಟೆ ಮಾಡುತ್ತಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಷ್ಟರಲ್ಲಿ ಹಿಂಬಾಗಿಲಿನಿಂದ ನುಗ್ಗಿದ ಪಕ್ಕದ ಮನೆಯ ಜುಬೇದಕ್ಕ ಒಂದು ಮಾತೂ ಆಡದೆ ನನ್ನ ತುರುಬು ಹಿಡಿದು ಎಳೆದಳು. "ಏ, ಮಗೂ ನೀಲಿ ಆಗೈತೆ! ಕಿಟಕೀಲಿ ಬಾಯ್ ಬಾಯ್ ಬಿಡ್ತಾ ಐತೆ! ಓಡೇ!" ಅವಳು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳು ನೋಡಿದ್ದಳು. ಇನ್ನೊಬ್ಬರ ಕಿಟಕಿಯಲ್ಲಿ ಬಾಯಿ ನೋಡುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ಜುಬೇದಕ್ಕನಿಗೆ ಮರ್ಯಾದೆ ಕಡಿಮೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹಾಗಿದ್ದದ್ದಕ್ಕೇ ನನ್ನ ಮಗಳು ಬದುಕಿದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಇಟ್ಟು, ಮುಖಕ್ಕೆ ಬಣ್ಣ ಮರಳಿದ ಮೇಲೆ ನಾನು ಅವಳ ಕೈ ಹಿಡಿದು ಕೇಳಿದೆ, "ಯಾಕೆ ಪುಟ್ಟಾ, ಅಮ್ಮನ್ನ ಕೂಗ್ಬಾರ್ದಿತ್ತಾ?"

"ಕೂಗ್ದೆ," ಎಂದಳು. "ಎರಡು ಸಲ ಕೂಗ್ದೆ. ಆಮೇಲೆ ಕಾದೆ."

ಅಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿದಳು. ಗೋಡೆಗೇ ಹೇಳಿದಳು, "ದೀಪ ಇತ್ತು. ನಿಂಗೆ ಕೇಳಿಸ್ತು. ನೀನು ಬರ್ಲಿಲ್ಲ."

ಕೇಳಿಸಲಿಲ್ಲ ಕಣೇ ಎಂದೆ. ದೇವರಾಣೆ ಇಟ್ಟೆ, ಅವಳ ತಲೆ ಮುಟ್ಟಿ ಆಣೆ ಇಟ್ಟೆ. ಏಳು ವರ್ಷದ ಮಗು ಹೊರಳಿ ನನ್ನನ್ನು ನೋಡಿದ ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಸಿಟ್ಟಿದ್ದರೆ ಸಹಿಸಿಕೊಳ್ಳಬಹುದಿತ್ತು. ದೊಡ್ಡವರು ಸುಳ್ಳು ಹೇಳುವಾಗ ಮಕ್ಕಳು ಸುಮ್ಮನೆ ತಲೆಯಾಡಿಸುತ್ತಾರಲ್ಲ, ಹಾಗೆ ಆಡಿಸಿದಳು.

ಮನೆಗೆ ಬಂದಮೇಲೆ ಇಂಚರ ಕೂಗುವುದನ್ನೇ ಬಿಟ್ಟಳು. ನೀರು ಬೇಕಾದರೆ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವಳು. ನಾನು ತಿರುಗಿ ನೋಡುವ ತನಕ ನಿಂತೇ ಇರುವಳು. ಒಂದು ಸಂಜೆ ಎದೆ ಗೊರಗೊರ ಎನ್ನುತ್ತಿದ್ದಾಗಲೂ ಹಾಗೆಯೇ ಬಂದು, ಗೋಡೆ ಹಿಡಿದುಕೊಂಡು, ನೆಂಟರ ಮನೆಗೆ ಬಂದವಳಂತೆ ನಿಂತಿದ್ದಳು. ನನಗೆ ಬೇಕಾಗಿದ್ದದ್ದು ಇಷ್ಟೇ. ಇವಳು ಮತ್ತೆ ನನ್ನನ್ನು ಕೂಗಬೇಕು. ಕೂಗದ ಮಗುವನ್ನು ಒಳಕೋಣೆಯಲ್ಲಿ ಬಿಟ್ಟು ನಾನು ಯಾವ ಧೈರ್ಯದಲ್ಲಿ ಒಲೆ ಹೊತ್ತಿಸಲಿ? ಒಲೆ ಹೊತ್ತಿಸದೆ ಅವಳ ಔಷಧಿ ಎಲ್ಲಿಂದ ತರಲಿ?

ಊರಿನವರು ಬಂದು ಸಮಾಧಾನ ಹೇಳಿದರು. ಆ ಸಮಾಧಾನಕ್ಕೆ ಬೆಂಕಿ ಬೀಳಲಿ. "ಕೆಲಸದ ಧ್ಯಾನದಲ್ಲಿ ಹಾಗಾಗತ್ತಮ್ಮ, ಮನಸ್ಸಿಗೆ ಹಚ್ಕೋಬೇಡ." ಅಂದರೆ ನನಗೆ ಕೇಳಿಸಿತ್ತು, ಧ್ಯಾನ ಬೇರೆ ಕಡೆ ಇತ್ತು. ಶಾಲೆಯ ಟೀಚರು, "ಈ ಸಲದ ಪೇರೆಂಟ್ಸ್ ಮೀಟಿಂಗಲ್ಲಿ ಕಿವಿಗೊಡುವ ಬಗ್ಗೆ ಒಂದು ಭಾಷಣ ಇಟ್ಕೊಂಡಿದೀವಿ, ಬನ್ನಿ," ಎಂದರು. ಇವಳಪ್ಪ ಬಂದರು, ಮಗಳ ತಲೆ ಸವರಿದರು, ಊಟ ಮಾಡಿ ಕೈತೊಳೆಯುತ್ತಾ, "ನೀನೂ ಒಂಚೂರು ಗಮನ ಕೊಡ್ಬೇಕಿತ್ತು ಮಂಗಳಾ," ಎಂದರು. ನಾನು ಕೈಯಲ್ಲಿದ್ದ ಸೌಟನ್ನು ಅವರ ಮೇಲೆ ಎಸೆಯಲಿಲ್ಲ, ಪಾತ್ರೆಗೇ ಎಸೆದೆ. ಅದರ ಸದ್ದು ಮನೆಯ ಎಲ್ಲ ಕೋಣೆಗೂ ಚೆನ್ನಾಗಿ ಹೋಯಿತು. ಬೆಳಗಿನ ಹೊತ್ತಲ್ಲವೇ, ಡಬ್ಬಿ ತಣ್ಣಗಿತ್ತು.

ಈ ತಣ್ಣಗಿನ ವಿಷಯ ನನಗೆ ಹೊಳೆದದ್ದು ಕಂಪನಿಯ ಲೈನ್‌ಮನ್ ಗಿರಿಧರ ಬಂದಾಗ. ಹತ್ತು ಸಲ ಫೋನ್ ಮಾಡಿ ಬೈದಮೇಲೆ ಕಳಿಸಿದ್ದರು. ಬೆಳಿಗ್ಗೆ ಬಂದ. ಒಳಕೋಣೆಯಲ್ಲಿ ನಿಂತು "ಹಲೋ ಹಲೋ ಅಕ್ಕಾ" ಎಂದ, ಅಡುಗೆಮನೆಯಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು. "ನೋಡಿ, ಸರಿ ಇದೆ. ಆಫ್ ಮಾಡಿ ಆನ್ ಮಾಡಿದ್ರಾ?" ಮಾಡಿದ್ದೆ. "ಮನೇಲಿ ಜಗಳ ಗಿಗಳ ಇದೆಯಾ? ಕೆಲವು ಸಲ ಅದ್ರಿಂದಲೂ..." ನಾನು ಕೈಯಲ್ಲಿದ್ದ ಲಟ್ಟಣಿಗೆಯನ್ನು ಮಣೆಯ ಮೇಲಿಟ್ಟೆ. ಅವನು ಮಾತು ಬದಲಿಸಿದ.

"ಆವತ್ತು ಹಾಗಾಗಿದ್ದು ಮಧ್ಯಾಹ್ನ. ಮಧ್ಯಾಹ್ನ ತನಕ ಕೂತ್ಕೋ. ಬಿಸಿಬಿಸಿ ಚಪಾತಿ ಕೊಡ್ತೀನಿ, ತಿಂತಾ ಕೂತ್ಕೋ," ಎಂದೆ.

ಕೂತ. ಆ ಕೋಣೆಯದು ಪಡುವಣ ಗೋಡೆ. ಹೊತ್ತು ಇಳಿಯುತ್ತಿದ್ದಂತೆ ಬಿಸಿಲು ಗೋಡೆಗೆ ಬಡಿದು ಅದು ಕಾಯುತ್ತದೆ, ಗೋಡೆಗೆ ಅಂಟಿದ ಡಬ್ಬಿಯೂ ಕಾಯುತ್ತದೆ. ಅಲ್ಲಿಗೆ ಮೊಳೆ ಹೊಡೆದದ್ದು ಕಂಪನಿಯವರೇ. ಗಿರಿಧರ ಒಳಗೆ ಹೋಗಿ ಕೂಗಿದನಂತೆ. ನನಗೆ ಏನೂ ಕೇಳಿಸಲಿಲ್ಲ. ಹೊಸ್ತಿಲಿಗೆ ಬಂದು ನನ್ನ ಮುಖ ನೋಡಿದ, ಮತ್ತೆ ಒಳಗೆ ಹೋಗಿ ಕೂಗಿದ, ಮತ್ತೆ ಬಂದ. ಡಬ್ಬಿಯನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ದೀಪ ಹಸಿರಾಗಿಯೇ ಇತ್ತು.

"ಈ ದೀಪ ಇದ್ಯಲ್ಲಕ್ಕಾ," ಎಂದು ಪಿಸುಗುಟ್ಟಿದ, "ಇದು ಕರೆಂಟ್ ಬರ್ತಿದೆ ಅಂತ ಮಾತ್ರ ಹೇಳತ್ತೆ. ಮಾತು ಹೋಗ್ತಿದೆಯೋ ಇಲ್ವೋ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಇದನ್ನೇ ನಿಮ್ಮ ಆಫೀಸಲ್ಲಿ ಹೇಳು."

"ನನ್ಗೂ ಎರಡು ಮಕ್ಕಳಿವೆ ಅಕ್ಕಾ," ಎಂದು ಚೀಲ ಹೆಗಲಿಗೆ ಹಾಕಿಕೊಂಡ. ಹೋಗುವಾಗ ಚೀಟಿಯಲ್ಲಿ ದೀಪ ಹಸಿರು, ದೋಷವಿಲ್ಲ ಎಂದು ಬರೆದು ನನ್ನ ಸಹಿ ಕೇಳಿದ. ಮಾಡಲಿಲ್ಲ. ನಾನು ಸಹಿ ಮಾಡಲಿಲ್ಲವೆಂದು ಬರೆದುಕೊಳ್ಳಲು ಆ ಚೀಟಿಯಲ್ಲಿ ಜಾಗವಿರಲಿಲ್ಲ.

ನಾನೇ ಆಫೀಸಿಗೆ ಹೋದೆ. ಅಲ್ಲಿಗೆ ದಿನಾ ಮಧ್ಯಾಹ್ನ ಚಪಾತಿ ಕೊಡುವವಳೂ ನಾನೇ. ಮ್ಯಾನೇಜರ್ ವಾಮನಮೂರ್ತಿಯವರು ಗಾಜಿನ ಗೋಡೆಯ ಕೋಣೆಯಲ್ಲಿ ಕೂರುತ್ತಾರೆ. ಒಳ್ಳೆಯ ಮನುಷ್ಯರು ಅನ್ನಿಸುವ ಮುಖ, ಅದೇ ಕಷ್ಟ.

"ನೋಡಮ್ಮಾ, ನೀನು ನಮ್ಮವಳು. ಹೊಸ ಡಬ್ಬಿ ಕೊಡಿಸ್ತೀನಿ. ದೋಷ ಅಂತಲ್ಲ, ಕಸ್ಟಮರ್ ಮೇಲಿನ ಪ್ರೀತಿಗೆ."

"ಪ್ರೀತಿ ಬೇಡ ಸಾರ್. ನನ್ನ ಮಗಳ ಮುಂದೆ ಒಂದೇ ಒಂದು ಮಾತು ಹೇಳಿ. ಡಬ್ಬಿ ಕೆಟ್ಟಿತ್ತು, ನಿಮ್ಮಮ್ಮಂಗೆ ಕೇಳಿಸ್ಲಿಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ ಅವಳು. ನಿಮ್ಮ ದೀಪಾನೇ ನಂಬ್ತಾಳೆ."

ಅವರು ಕನ್ನಡಕ ತೆಗೆದು ಒರೆಸಿದರು. "ಅದು ಬರಲ್ಲ. ಇವತ್ತು ನಿನ್ನ ಮಗಳಿಗೆ ಹೇಳಿದ್ರೆ ನಾಳೆ ಊರಿಗೆಲ್ಲ ಹೇಳ್ಬೇಕಾಗತ್ತೆ."

"ಹೇಳಿ."

"ವ್ಯಾಪಾರ, ಮನೆ, ಮಗು, ಎಲ್ಲಾ ಒಬ್ಳೇ ತಲೆ ಮೇಲೆ ಹೊತ್ಕೊಂಡ್ರೆ ಕಿವಿ ಎಲ್ಲಿರತ್ತಮ್ಮಾ? ಒಂದೆರಡು ದಿನ ರೆಸ್ಟ್ ತಗೋ."

ರೆಸ್ಟ್ ಅಂತೆ. ಹಿಟ್ಟು ಯಾರು ನಾದುತ್ತಾರೆ, ನಿಮ್ಮ ತಾಯಿಯಾ ಎಂದು ಬಾಯಿಗೆ ಬಂದಿತ್ತು. ಅವರ ತಾಯಿ ಏನು ಪಾಪ ಮಾಡಿದ್ದಾರೆ? ನುಂಗಿಕೊಂಡು ಬಂದೆ. ದಾರಿಯುದ್ದಕ್ಕೂ ಆ ಗಾಜಿನ ಕೋಣೆಯೇ ಕಣ್ಣಮುಂದೆ ಇತ್ತು. ಅಲ್ಲಿನ ಗೋಡೆಯ ಮೇಲೂ ನಮ್ಮನೆಯಂಥದೇ ಬಿಳಿ ಮರಿ ಡಬ್ಬಿ, ಅದೇ ದೀಪ. ಈ ಮರಿಗಳಿಗೆ ತನ್ನ ತಾಯಿ, ಪರರ ತಾಯಿ ಎಂಬ ಭೇದವಿಲ್ಲ. ಎಲ್ಲಿ ಸಿಕ್ಕಿಸಿದರೆ ಅಲ್ಲಿನ ತಾಯಿಗೆ ಅಂಟಿಕೊಳ್ಳುತ್ತವೆ.

ಮಾರನೆಯ ದಿನ ಶಾಲೆಗೆ ರಜೆ. ಮಗಳನ್ನು ಕರೆದುಕೊಂಡೇ ಹೊರಟೆ. ಒಳಕೋಣೆಯ ಡಬ್ಬಿಯನ್ನು ಕಿತ್ತು, ಬಟ್ಟೆಯಲ್ಲಿ ಸುತ್ತಿ, ಹಂಚಿನಿಂದ ಆಗತಾನೇ ತೆಗೆದ ಚಪಾತಿಗಳ ನಡುವೆ ಹಾಟ್‌ಬಾಕ್ಸಿನಲ್ಲಿಟ್ಟು ಮುಚ್ಚಿದೆ. ಅಂದಿನ ಚಟ್ನಿಗೆ ಮೆಣಸಿನಕಾಯಿಯನ್ನು ಬೇಕೆಂದೇ ಹೆಚ್ಚು ಹಾಕಿದ್ದೆ. ಈ ಮಾತನ್ನು ಬರೆಯಲು ನನಗೆ ನಾಚಿಕೆಯೇನಿಲ್ಲ. ಆಫೀಸಿನಲ್ಲಿ ಮ್ಯಾನೇಜರು ಕೈತೊಳೆಯಲು ಹೋದಾಗ ತಟ್ಟೆ ಇಡುವ ನೆಪದಲ್ಲಿ ಒಳಹೊಕ್ಕು, ಅವರ ಡಬ್ಬಿ ಕಳಚಿ ಚಪಾತಿಯ ಜೊತೆಗೆ ಹಾಕಿಕೊಂಡು, ಕಾದಿದ್ದ ನಮ್ಮದನ್ನು ಸಿಕ್ಕಿಸಿದೆ. ದೀಪ ಹೊತ್ತಿತು. ಹಸಿರು. ಹೊರಗೆ ಬಂದು ಮಗಳ ಪಕ್ಕ ಬೆಂಚಿನ ಮೇಲೆ ಕೂತೆ. ಹಾಲ್‌ನಲ್ಲಿ ಹತ್ತಾರು ಜನ ಇದ್ದರು, ಬಿಲ್ ಕಟ್ಟುವವರು, ಗುಮಾಸ್ತರು. ಬಾಗಿಲ ಬಳಿ ಸ್ಟೂಲಿನ ಮೇಲೆ ಜವಾನ ತಿರುಮಲಯ್ಯ, ಪಕ್ಕದಲ್ಲೇ ನೀರಿನ ಜಗ್ಗು.

ವಾಮನಮೂರ್ತಿಯವರು ಕೂತು ಚಪಾತಿ ಮುರಿದರು. ಚಟ್ನಿ ಹಚ್ಚಿದರು. ಎರಡನೇ ತುತ್ತಿಗೆ ಕೈ ನಿಂತಿತು. ಮುಖ ಕೆಂಪಾಯಿತು. ಬಾಯಿ ತೆರೆದು ಏನೋ ಕೂಗಿದರು. ತಿರುಮಲಯ್ಯ ಕಿವಿಯಲ್ಲಿ ಕಡ್ಡಿ ಆಡಿಸುತ್ತಾ ಕೂತೇ ಇದ್ದ. ಅವರು ಇನ್ನೊಮ್ಮೆ ಕೂಗಿದರು, ಕತ್ತಿನ ನರ ಉಬ್ಬಿತು. ಆಮೇಲೆ ಕೂಗಲಿಲ್ಲ. ಮರ್ಯಾದಸ್ಥರಲ್ಲವೇ? ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ನೆಟ್ಟಗೆ ಕೂತು ಕಾಯತೊಡಗಿದರು.

ಇಂಚರ ಬೆಂಚಿನಿಂದ ಇಳಿದಳು. ಗಾಜಿನ ಹತ್ತಿರ ಹೋಗಿ, ಎರಡೂ ಕೈಯನ್ನು ಗಾಜಿಗೆ ಒತ್ತಿ, ಅವರ ಬಾಯಿ ನೋಡಿದಳು. ಮೇಲೆ ಗೋಡೆಯ ದೀಪ ನೋಡಿದಳು. ತಿರುಗಿ ತಿರುಮಲಯ್ಯನ ಮುಖ ನೋಡಿದಳು. ಮತ್ತೆ ದೀಪ. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಹೇಳಲೂ ಇಲ್ಲ.

ಕೊನೆಗೆ ಮ್ಯಾನೇಜರೇ ಎದ್ದು ಬಾಗಿಲು ದೂಡಿಕೊಂಡು ಬಂದರು. "ಏನಯ್ಯಾ, ಎರಡು ಸಲ ಕೂಗಿದೀನಿ! ಮೂರನೇ ಸಲ ಬಾಯಿ ಬಿಡಿಸ್ಬೇಕಾ ನನ್ ಕೈಲಿ?"

ತಿರುಮಲಯ್ಯನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಎಲ್ಲಿ ಕೂಗಿದ್ರಿ ಸಾರ್? ನಾ ಇಲ್ಲೇ ಕುಂತಿದೀನಿ. ಹೆಂಡ್ತಿ ಮಕ್ಕಳಾಣೆ, ಕೂಗ್ಲಿಲ್ಲ ನೀವು. ದೀಪ ನೋಡಿ, ಹಸ್ರು!"

"ಕೂಗಿದ್ರು ತಾತಾ," ಎಂದಳು ನನ್ನ ಮಗಳು. ಹಾಲ್ ಪೂರ್ತಿ ಕೇಳುವಷ್ಟು ಗಟ್ಟಿಯಾಗಿ. "ಎರಡು ಸಲ ಕೂಗಿದ್ರು. ನಾ ನೋಡ್ದೆ. ಕೂಗು ಆಚೆ ಬರ್ಲೇ ಇಲ್ಲ. ದೀಪ ಇತ್ತು, ಆದ್ರೂ ಬರ್ಲಿಲ್ಲ."

ಬಿಲ್ ಕಟ್ಟುತ್ತಿದ್ದವರು ತಿರುಗಿದರು. ವಾಮನಮೂರ್ತಿಯವರು ಗೋಡೆಯ ಡಬ್ಬಿ ನೋಡಿದರು, ನನ್ನನ್ನು ನೋಡಿದರು, ತೆರೆದಿದ್ದ ಹಾಟ್‌ಬಾಕ್ಸಿನ ಅಂಚಿನಲ್ಲಿ ಇಣುಕುತ್ತಿದ್ದ ತಮ್ಮ ಡಬ್ಬಿ ನೋಡಿದರು.

"ಯಾರದಮ್ಮಾ ಅದು, ಗೋಡೇಲಿರೋದು?"

"ನಮ್ಮನೇದು ಸಾರ್. ದೋಷ ಇಲ್ದೇ ಇರೋದು."

"ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ನೋಡು!"

"ಕೊಡಿ. ಏನಂತ ಬರೆದುಕೊಡ್ತೀರಿ? ಕೆಟ್ಟ ಡಬ್ಬಿ ತಂದಿಟ್ಲು ಅಂತಾನಾ?"

ತಿರುಮಲಯ್ಯ ಅವರಿಗೆ ನೀರಿನ ಲೋಟ ಚಾಚಿದ. ಕುಡಿದರು. ಕುಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಡಬ್ಬಿ ಕೆಟ್ಟಿತ್ತು ಎಂಬ ಆ ಒಂದು ಮಾತನ್ನು ಅವರು ಇವತ್ತಿನವರೆಗೂ ಹೇಳಿಲ್ಲ.

ಇನ್ನು ಆ ಆಫೀಸಿಗೆ ನನ್ನ ಚಪಾತಿ ಬೇಡವಂತೆ, ಆಗಲಿ. ಕಂಪನಿ ಊರಿಗೆಲ್ಲ ಕರಪತ್ರ ಹಂಚಿದೆ. ಗ್ರಾಹಕರ ನಂಬಿಕೆಯನ್ನು ಗೌರವಿಸಿ, ಮುಂದಿನ ತಿಂಗಳಿನಿಂದ ಎಲ್ಲ ಡಬ್ಬಿಗಳ ಹಸಿರು ದೀಪವನ್ನು ಇನ್ನೂ ದೊಡ್ಡದು ಮಾಡಲಾಗುವುದಂತೆ. ಜನ ಅದನ್ನು ಓದಿ ಸಂತೋಷಪಟ್ಟಿದ್ದಾರೆ. ನಾನು ಹಲ್ಲು ಕಚ್ಚಿಕೊಂಡು ಓದಿದೆ, ಅದರ ಮೇಲೆ ಹಿಟ್ಟು ಜರಡಿ ಹಿಡಿದೆ.

ಆವತ್ತು ಆಫೀಸಿನಿಂದ ಬರುತ್ತಾ ಇಂಚರ ಮನೆಯ ಬೀದಿಗೆ ತಿರುಗುವಾಗ ನನ್ನ ಸೆರಗು ಜಗ್ಗಿದಳು. "ಅಮ್ಮಾ, ನಿಂಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?"

"ಇಲ್ಲ."

"ಮೂರನೇ ಸಲ ಕೂಗಿದ್ರೆ?"

"ಆಗ್ಲೂ ಕೇಳಿಸ್ತಿರ್ಲಿಲ್ಲ. ಆದ್ರೂ ಕೂಗ್ಬೇಕು. ನಾನು ಬರೋವರ್ಗೂ ಕೂಗ್ತಾನೇ ಇರ್ಬೇಕು."

"ಅದು ಬೈಗುಳ ಅಲ್ವಾ? ಮಿಸ್ಸು ಹೊಡೀತಾರೆ."

"ಬೈ. ನನ್ನ ಬೈ. ಮಿಸ್ಸನ್ನ ನಾನು ನೋಡ್ಕೋತೀನಿ."

ಮನೆಗೆ ಬಂದವಳೇ ಬಾಗಿಲ ಚೌಕಟ್ಟಿನ ಬುಡದ ಸಿಮೆಂಟನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ಕೈಗೆ ಬೊಬ್ಬೆ ಬಂತು. ಗಾಳಿಪಟದ ದಾರ ಬೇಡ, ಕೊಯ್ಯುತ್ತದೆ ಎಂದು ಜುಬೇದಕ್ಕ ತನ್ನ ಹಳೆಯ ಲಂಗದ ಲಾಡಿಗಳನ್ನು ಗಂಟು ಹಾಕಿ ತಂದುಕೊಟ್ಟಳು. ಒಂದು ತುದಿ ಮಗಳ ಕೈಗೆ, ಇನ್ನೊಂದು ನನ್ನ ಕಾಲಿಗೆ. ಬೀದಿಯವರು ನಕ್ಕರು. ನಗಲಿ. ಆಮೇಲೆ ಅವರಲ್ಲೇ ಒಬ್ಬಿಬ್ಬರು ಸ್ಕ್ರೂಡ್ರೈವರ್ ಕೇಳಿಕೊಂಡು ಹಿಂಬಾಗಿಲಿಗೆ ಬಂದರು, ಮುಂಬಾಗಿಲಿಗೆ ಬರಲಿಲ್ಲ.

ಮೊದಲ ಕೆಲವು ದಿನ ಅವಳು ಎರಡು ಸಲ ಜಗ್ಗಿ ಸುಮ್ಮನಾಗುತ್ತಿದ್ದಳು. ನಾನು ಓಡಿಹೋದರೆ "ಏನಿಲ್ಲ, ಸುಮ್ನೆ ನೋಡ್ದೆ" ಅನ್ನುತ್ತಿದ್ದಳು. ಎರಡಕ್ಕೇ ನಿಲ್ಲುತ್ತಿದ್ದಳಲ್ಲ, ಅದೇ ನನ್ನ ಎದೆಗೆ ಚುಚ್ಚುತ್ತಿತ್ತು. ಆ ಪದ್ಯ ಅವಳ ಕೈಯೊಳಗೂ ಇಳಿದುಬಿಟ್ಟಿದೆ ಎಂದು ಶಾಲೆಯನ್ನು ಶಪಿಸುತ್ತಿದ್ದೆ.

ನಾಳೆಯ ಹಿಟ್ಟು ನಾದಿಟ್ಟು ಇದನ್ನೆಲ್ಲ ಬರೆಯಲು ಕೂತಿದ್ದೇನೆ. ಈಗ ಕಾಲಿನ ಲಾಡಿ ಜಗ್ಗಿತು. ವಾಕ್ಯ ಮುಗಿಸಿ ಏಳೋಣವೆಂದುಕೊಂಡೆ, ಇನ್ನೊಮ್ಮೆ ಜಗ್ಗಿತು. ಅಲ್ಲಿಗೆ ನಿಲ್ಲುತ್ತದೆ ಎಂದು ಎದೆ ಹಿಡಿದುಕೊಂಡೆ. ನಿಲ್ಲಲಿಲ್ಲ. ಮೂರನೇ ಸಲ ಜಗ್ಗಿತು, ನಾಲ್ಕನೇ ಸಲ ಎಷ್ಟು ಜೋರಾಗಿ ಎಂದರೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ಬಂದೆ ಮಾರಾಯ್ತಿ, ಬಂದೆ, ಕಾಲು ಮುರೀಬೇಡ.